ಎರಡು ಕಾಲೇಜುಗಳ ನಡುವಿನ ಕೂದಲೆಳೆ

ಮಾರ್ಚ್ ತಿಂಗಳ ಕೊನೆಯ ಭಾನುವಾರ. ಜಯನಗರದ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು, ಪಕ್ಕದಲ್ಲಿ ತಣ್ಣಗಾದ ಉಪ್ಪಿಟ್ಟು. ಅಕ್ಕನ ಮಗಳು ಎಕ್ಸೆಲ್ ಹಾಳೆಯಲ್ಲಿ ಮೂವತ್ತೊಂದು ಸಾಲು ಹೂಡಿಕೊಂಡು ಕೂತಿದ್ದಳು. ಭೂವಿಜ್ಞಾನ ವಿಭಾಗ, ಗ್ರಂಥಾಲಯ, ಚಳಿ, ಹಾಸ್ಟೆಲ್ ಕೋಣೆ, ಸಸ್ಯಾಹಾರ, ವಿಮಾನ ನಿಲ್ದಾಣ ಎಷ್ಟು ದೂರ, ನಮ್ಮ ಕಡೆಯವರು ಎಷ್ಟು ಮಂದಿ. ಪ್ರತಿ ಸಾಲಿಗೂ ಹತ್ತಕ್ಕೆ ಇಷ್ಟು ಎಂದು ಅಂಕ. ಎಡಗಡೆ ವಿಲಿಯಮ್ಸ್ ಕಾಲೇಜು, ಬಲಗಡೆ ಆಮರ್ಸ್ಟ್ ಕಾಲೇಜು. ಎರಡೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವು. ಎರಡರಿಂದಲೂ ಸೀಟು ಸಿಕ್ಕಿದ ಪತ್ರ ಬಂದಿತ್ತು. ಕೆಳಗಿನ ಮೊತ್ತ 241 ಮತ್ತು 240.

“ಒಂದೇ ಒಂದು ಮಾರ್ಕು ಮಾಮ. ನಿನ್ನೆ ರಾತ್ರಿ ಆಮರ್ಸ್ಟ್ ಮುಂದಿತ್ತು. ಬೆಳಿಗ್ಗೆ ಎದ್ದು ಊಟದ ಸಾಲು ತಿದ್ದಿದೆ, ತಿರುಗಿಬಿತ್ತು.”

ಒಳಗಿನಿಂದ ಅಮ್ಮ ಕೂಗಿದರು: “ಎರಡೂ ಕಡೆ ಅವರೇ ದುಡ್ಡು ಹಾಕ್ತಾರಂತಲ್ಲೇ, ಯಾವುದಾದರೇನು? ಅನ್ನ ಸಿಗತ್ತೋ ಇಲ್ವೋ ಅದು ಕೇಳು.”

ಹೀಗೆ ಹಾಳೆ ಸೀಳಿ ಎರಡು ಕಾಲಂ ಮಾಡುವುದಕ್ಕೆ ಹಳೆಯ ವಂಶಾವಳಿ ಇದೆ. 1772ರಲ್ಲಿ ರಸಾಯನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಒಂದು ಕೆಲಸ ಒಪ್ಪಿಕೊಳ್ಳಲೋ ಬಿಡಲೋ ಎಂದು ಒದ್ದಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಿಂದ ಕಾಗದ ಬರೆದು ಉಪಾಯ ಹೇಳಿಕೊಟ್ಟ. ಹಾಳೆಯ ನಡುವೆ ಗೆರೆ ಎಳೆ, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ, ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗು, ಆಮೇಲೆ ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕು, ಉಳಿದದ್ದು ಉತ್ತರ. ಫ್ರಾಂಕ್ಲಿನ್ ಇದನ್ನು ಬೀಜಗಣಿತ ಎಂದೇ ಕರೆದ. ನಮ್ಮ ಹುಡುಗಿ ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಎಲ್ಲವನ್ನೂ ಹೊಡೆದುಹಾಕಿದ ಮೇಲೆ ಉಳಿದದ್ದು ಊಟದ ಸಾಲಿನ ಒಂದು ಅಂಕ.

ಈ ಲೆಕ್ಕ ಎಲ್ಲಿ ದಾರಿ ತಪ್ಪುತ್ತದೆ ಎಂದು ಕಳೆದ ಹಲವು ದಶಕಗಳಲ್ಲಿ ಮನೋವಿಜ್ಞಾನಿಗಳೂ ಅರ್ಥಶಾಸ್ತ್ರಜ್ಞರೂ ಸಾಕಷ್ಟು ಕೆದಕಿ ನೋಡಿದ್ದಾರೆ. ಅದಕ್ಕೆ ಹೋಗುವ ಮುಂಚೆ ಎರಡು ಕಾಲೇಜುಗಳ ಪರಿಚಯ ಆಗಬೇಕು.

ಮೊದಲು ಹೆಸರು. ಎರಡೂ ಲಿಬರಲ್ ಆರ್ಟ್ಸ್ ಕಾಲೇಜುಗಳು. ನಮ್ಮಲ್ಲಿ ಆರ್ಟ್ಸ್ ಅಂದರೆ ಇತಿಹಾಸ, ರಾಜ್ಯಶಾಸ್ತ್ರ. ಸೈನ್ಸ್ ಸಿಗದವರು ಹೋಗುವ ಕಡೆ ಎಂಬ ಹಳೆಯ ತಾತ್ಸಾರ ಬೇರೆ. ಲಿಬರಲ್ ಆರ್ಟ್ಸ್ ಎನ್ನುವಾಗ ಅದನ್ನೆಲ್ಲ ಪಕ್ಕಕ್ಕಿಡಬೇಕು. ಭೌತವಿಜ್ಞಾನ, ಗಣಿತ, ಸಂಗೀತ, ಗ್ರೀಕ್ ಎಲ್ಲ ಒಂದೇ ಸೂರಿನಡಿ. ವಿದ್ಯಾರ್ಥಿ ಎರಡು ವರ್ಷ ಹಲವು ಬಾಗಿಲು ತಟ್ಟಿ, ಆಮೇಲೆ ಒಂದೆರಡು ವಿಷಯಗಳಲ್ಲಿ ಆಳಕ್ಕಿಳಿಯುತ್ತಾನೆ. ಒಟ್ಟು ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳು, ಏಳೆಂಟು ಜನಕ್ಕೆ ಒಬ್ಬ ಮೇಷ್ಟ್ರು. ಪಿಎಚ್.ಡಿ. ಮಾಡುವವರು ಇರುವುದಿಲ್ಲ, ಹಾಗಾಗಿ ಪ್ರಯೋಗಾಲಯದಲ್ಲಿ ಪ್ರೊಫೆಸರಿಗೆ ಕೈಜೋಡಿಸುವ ಕೆಲಸ ಹತ್ತೊಂಬತ್ತರ ಹುಡುಗ ಹುಡುಗಿಯರ ಪಾಲಿಗೇ ಬರುತ್ತದೆ. ಕ್ಯಾನ್ಸರ್‌ಗೆ ಸಂಬಂಧಿಸಿದ ಜೀನುಗಳ ಮೂಲ ಪತ್ತೆಹಚ್ಚಿ 1989ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡ ಹೆರಾಲ್ಡ್ ವಾರ್ಮಸ್ ಆಮರ್ಸ್ಟ್‌ನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಅದೇ ವರ್ಷ ರಸಾಯನ ವಿಜ್ಞಾನದ ನೊಬೆಲ್ ಪಡೆದ ಥಾಮಸ್ ಚೆಕ್ ಅಯೋವಾದ ಗ್ರಿನೆಲ್ ಎಂಬ ಪುಟ್ಟ ಕಾಲೇಜಿನವರು. 2020ರಲ್ಲಿ ಪಡೆದ ಜೆನಿಫರ್ ಡೌಡ್ನಾ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನವರು. ಇಷ್ಟು ಚಿಕ್ಕ ಜಾಗಗಳಿಗೆ ಅರ್ಜಿಗಳ ಪ್ರವಾಹ ಹರಿದರೆ ಆಶ್ಚರ್ಯವಿಲ್ಲ. ಅರ್ಜಿ ಹಾಕಿದ ನೂರು ಮಂದಿಯಲ್ಲಿ ಸೀಟು ಸಿಗುವುದು ಹತ್ತು ಮಂದಿಯ ಆಸುಪಾಸಿಗೆ. (ಆಮರ್ಸ್ಟ್ ಕಾಗುಣಿತದಲ್ಲಿ ನಡುವೆ ಒಂದು ‘ಹ’ ಇದೆ; ಊರಿನವರು ಅದನ್ನು ನುಂಗಿಬಿಡುತ್ತಾರೆ. ನಾನೂ ನುಂಗಿದ್ದೇನೆ.)

ವಿಲಿಯಮ್ಸ್ ಶುರುವಾದದ್ದು 1793ರಲ್ಲಿ, ರಾಜ್ಯದ ವಾಯವ್ಯ ಮೂಲೆಯ ಬರ್ಕ್‌ಶೈರ್ ಗುಡ್ಡಗಳ ನಡುವೆ. ಅಷ್ಟು ದೂರದ ಕಾಡುಮೂಲೆಯಲ್ಲಿ ಕಾಲೇಜು ಬಾಳುವುದಿಲ್ಲ ಎಂದು ಕೆಲವು ಧರ್ಮದರ್ಶಿಗಳಿಗೇ ಅನುಮಾನ ಹುಟ್ಟಿತು. ಪೂರ್ವದ ಕನೆಕ್ಟಿಕಟ್ ನದಿ ಕಣಿವೆಗೆ ಎತ್ತಂಗಡಿ ಮಾಡಬೇಕೆಂದರು, ಶಾಸನಸಭೆ ಒಪ್ಪಲಿಲ್ಲ. ಆಗಿನ ಅಧ್ಯಕ್ಷ ಝೆಫನಾಯ ಸ್ವಿಫ್ಟ್ ಮೂರ್ 1821ರಲ್ಲಿ ಹದಿನೈದು ವಿದ್ಯಾರ್ಥಿಗಳನ್ನು ಕರೆದುಕೊಂಡು ಗುಡ್ಡ ಇಳಿದು, ಕಣಿವೆಯಲ್ಲಿ ಹೊಸದಾಗಿ ತೆರೆದ ಆಮರ್ಸ್ಟ್‌ಗೆ ಮೊದಲ ಅಧ್ಯಕ್ಷನಾದ. ಹೋಗುವಾಗ ವಿಲಿಯಮ್ಸ್ ಗ್ರಂಥಾಲಯದ ಪುಸ್ತಕಗಳನ್ನೂ ಹೊತ್ತೊಯ್ದ ಎನ್ನುವುದು ಪುರಾವೆಯಿಲ್ಲದ ಕಥೆ. ಎರಡೂ ಕಡೆಯವರು ಇವತ್ತಿಗೂ ಹೇಳಿ ನಗುತ್ತಾರೆ. ತಾಯಿ ಕಾಲೇಜು ಮುಳುಗಿಹೋದೀತೆಂದು ಹೆದರಿದ ಹಳೆಯ ವಿದ್ಯಾರ್ಥಿಗಳು ಅದೇ ವರ್ಷ ಸಂಘ ಕಟ್ಟಿಕೊಂಡರು. ಇವತ್ತು ಊರೂರಿನ ಶಾಲೆಗಳಲ್ಲಿರುವ ಹಳೆಯ ವಿದ್ಯಾರ್ಥಿ ಸಂಘಗಳಿಗೆಲ್ಲ ಅದು ಹಿರಿಯಜ್ಜ. ಅಂದರೆ ‘ಅಲ್ಲೋ ಇಲ್ಲೋ’ ಎಂಬ ಪ್ರಶ್ನೆಗೆ ಈಗ ಇನ್ನೂರು ವರ್ಷ ತುಂಬಿದೆ. ಆ ಹದಿನೈದು ಹುಡುಗರು ಎಕ್ಸೆಲ್ ಇಲ್ಲದೆಯೇ ಉತ್ತರ ಕಂಡುಕೊಂಡಿದ್ದರು.

ದಾಯಾದಿ ಮತ್ಸರಕ್ಕೆ ಆಟದ ಅಂಗಳವೂ ಒದಗಿತು. 1859ರ ಜುಲೈ 1ರಂದು ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಈ ಎರಡು ಕಾಲೇಜುಗಳ ನಡುವೆ ನಡೆದದ್ದೇ ಅಮೆರಿಕದ ಮೊದಲ ಅಂತರ-ಕಾಲೇಜು ಬೇಸ್‌ಬಾಲ್ ಪಂದ್ಯ. ಆಮರ್ಸ್ಟ್ 73, ವಿಲಿಯಮ್ಸ್ 32. ಮರುದಿನ ಚದುರಂಗವನ್ನೂ ಆಡಿದರು, ಅದರಲ್ಲೂ ಆಮರ್ಸ್ಟ್ ಗೆದ್ದಿತು.

ಇವತ್ತಿನ ವ್ಯತ್ಯಾಸಗಳು ಸಣ್ಣವೇನಲ್ಲ. ಆಮರ್ಸ್ಟ್‌ನಲ್ಲಿ ಎಲ್ಲರೂ ತೆಗೆದುಕೊಳ್ಳಲೇಬೇಕಾದದ್ದು ಮೊದಲ ವರ್ಷದ ಒಂದು ಸೆಮಿನಾರ್ ಮಾತ್ರ, ಮಿಕ್ಕದ್ದು ಅವರವರ ಇಷ್ಟ. ವಿಲಿಯಮ್ಸ್‌ನಲ್ಲಿ ಕಲೆ-ಭಾಷೆ, ಸಮಾಜವಿಜ್ಞಾನ, ವಿಜ್ಞಾನ-ಗಣಿತ ಎಂಬ ಮೂರು ವಿಭಾಗಗಳಲ್ಲೂ ಕನಿಷ್ಠ ಮೂರು ಮೂರು ಪಾಠ ಮುಗಿಸಬೇಕು. ವಿಲಿಯಮ್ಸ್‌ನ ಹೆಮ್ಮೆ ಟ್ಯುಟೋರಿಯಲ್: ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮೇಷ್ಟ್ರು. ಒಂದು ವಾರ ಒಬ್ಬ ಪ್ರಬಂಧ ಓದಿದರೆ ಇನ್ನೊಬ್ಬ ಅದನ್ನು ಜಾಲಾಡಬೇಕು, ಮುಂದಿನ ವಾರ ಪಾತ್ರ ಅದಲುಬದಲು. ತಪ್ಪಿಸಿಕೊಳ್ಳಲು ಹಿಂದಿನ ಬೆಂಚೇ ಇಲ್ಲ. ಆಮರ್ಸ್ಟ್‌ನ ಅನುಕೂಲ ನೆರೆಹೊರೆ. ಸ್ಮಿತ್, ಮೌಂಟ್ ಹೋಲಿಯೋಕ್, ರಾಜ್ಯದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ ಎಲ್ಲ ಬಸ್ಸಿನ ದೂರದಲ್ಲಿವೆ, ಅಲ್ಲಿಯ ಪಾಠಕ್ಕೂ ಹೋಗಿ ಕೂರಬಹುದು. ವಿಲಿಯಮ್ಸ್‌ನಲ್ಲಿ 1838ರಲ್ಲಿ ಪೂರ್ತಿಯಾದ ಖಗೋಳ ವೀಕ್ಷಣಾಲಯವಿದೆ, ಅಮೆರಿಕದಲ್ಲಿ ಉಳಿದಿರುವುದರಲ್ಲಿ ಅದೇ ಹಳೆಯದು. ಆಮರ್ಸ್ಟ್‌ನ ಮ್ಯೂಸಿಯಮ್ಮಿನಲ್ಲಿ ಎಡ್ವರ್ಡ್ ಹಿಚ್‌ಕಾಕ್ ಕೂಡಿಹಾಕಿದ ಡೈನೋಸಾರ್ ಹೆಜ್ಜೆಗುರುತಿನ ಕಲ್ಲುಗಳ ರಾಶಿಯಿದೆ. ಆ ಪುಣ್ಯಾತ್ಮ ಅವನ್ನು ದೈತ್ಯ ಹಕ್ಕಿಗಳ ಹೆಜ್ಜೆ ಎಂದು ನಂಬಿದ್ದ. ಹಕ್ಕಿಗಳು ಡೈನೋಸಾರ್ ಕುಲದವೇ ಎಂದು ಈಗ ಗೊತ್ತಾಗಿರುವುದರಿಂದ ಅವನ ತಪ್ಪನ್ನು ಅರ್ಧ ಮನ್ನಿಸಬಹುದು.

ಭೂವಿಜ್ಞಾನದ ಹುಚ್ಚಿರುವ ನಮ್ಮ ಹುಡುಗಿ ಹೆಜ್ಜೆಗುರುತಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದಳು. ಬರ್ಕ್‌ಶೈರ್ ಬಂಡೆಗಳಿಗೂ ಹತ್ತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಸಿಇಟಿ ಬರೆದ ಮಕ್ಕಳೂ ಆಯ್ಕೆ ಮಾಡುತ್ತಾರೆ, ಆದರೆ ಮುಂಚೆಯೇ. ಆಪ್ಶನ್ ಎಂಟ್ರಿಯಲ್ಲಿ ಮೊದಲು ಇದು, ಅದು ಸಿಗದಿದ್ದರೆ ಇದು ಎಂದು ಪಟ್ಟಿ ಕೊಟ್ಟು ಕೂರುತ್ತಾರೆ. ಮೀಸಲಾತಿಯ ಲೆಕ್ಕದೊಳಗೆ ರ‍್ಯಾಂಕಿನ ಪ್ರಕಾರ ಕಂಪ್ಯೂಟರು ಹಂಚುತ್ತದೆ. ಹಾಗೆ ಹಂಚುವ ಗಣಿತಕ್ಕೂ ಈ ಪುಟ್ಟ ಕಾಲೇಜುಗಳಿಗೂ ಒಂದು ನಂಟಿದೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಕಾಲೇಜು ಪ್ರವೇಶ ಮತ್ತು ಮದುವೆಯ ಸ್ಥಿರತೆ ಕುರಿತು ಏಳು ಪುಟದ ಪ್ರಬಂಧ ಬರೆದರು. ಗೇಲ್ ಓದಿದ್ದು ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ, ಅದೂ ಇದೇ ಜಾತಿಯದು.

ಅವರ ಉಪಾಯ ವಧೂವರರ ಕೇಂದ್ರದವರಿಗೂ ಅರ್ಥವಾಗುವಂಥದ್ದು. ಪ್ರತಿ ವಿದ್ಯಾರ್ಥಿ ತನ್ನ ಮೊದಲ ಆಯ್ಕೆಯ ಬಾಗಿಲು ತಟ್ಟಲಿ. ಕಾಲೇಜು ತನ್ನಲ್ಲಿರುವ ಸೀಟಿನಷ್ಟು ಜನರನ್ನು ‘ಸದ್ಯಕ್ಕೆ’ ಎಂದು ಒಳಗೆ ಕೂರಿಸಿಕೊಂಡು ಉಳಿದವರನ್ನು ಕಳಿಸಲಿ. ಹೊರಬಿದ್ದವರು ಎರಡನೇ ಆಯ್ಕೆಗೆ ಹೋಗಲಿ. ಅಲ್ಲಿ ಅವರು ಹೆಚ್ಚು ಅರ್ಹರಾಗಿ ಕಂಡರೆ ಕೂತವರಲ್ಲಿ ಒಬ್ಬರು ಏಳಬೇಕು. ಏಳುವವರು, ಕೂರುವವರು ಮುಗಿದಾಗ ಒಂದು ಚೆಂದದ ಸ್ಥಿತಿ ಉಳಿಯುತ್ತದೆ: ಈಗಿರುವ ಜೋಡಿ ಬಿಟ್ಟು ಪರಸ್ಪರರನ್ನೇ ಬಯಸುವ ವಿದ್ಯಾರ್ಥಿ-ಕಾಲೇಜು ಜೋಡಿ ಒಂದೂ ಇರುವುದಿಲ್ಲ. ಓಡಿಹೋಗಿ ಮದುವೆಯಾಗುವ ಪ್ರಮೇಯವಿಲ್ಲ ಎನ್ನಿ. 2012ರಲ್ಲಿ ಶಾಪ್ಲಿಗೆ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ 2008ರಲ್ಲೇ ತೀರಿಕೊಂಡಿದ್ದರು. 2015ರಿಂದ ನಮ್ಮ ಐಐಟಿ, ಎನ್‌ಐಟಿಗಳ ಜಂಟಿ ಸೀಟು ಹಂಚಿಕೆ ನಡೆಯುತ್ತಿರುವುದೂ ಇದೇ ತತ್ವದ ಮೇಲೆ.

ತಮಾಷೆಯೆಂದರೆ ಯಾವ ಅಮೆರಿಕನ್ ಪದವಿ ಕಾಲೇಜುಗಳನ್ನು ನೋಡಿ ಆ ಪ್ರಬಂಧ ಹುಟ್ಟಿತೋ ಅವು ಇವತ್ತಿಗೂ ಅದನ್ನು ಬಳಸುವುದಿಲ್ಲ. ಅಲ್ಲಿ ಮಾರ್ಚ್ ಕೊನೆಗೆ ಪತ್ರಗಳು ಬರುತ್ತವೆ, ಮೇ 1ರೊಳಗೆ ಒಂದಕ್ಕೆ ಹೂಂ ಅನ್ನಬೇಕು. ಸಿಇಟಿಯ ಹುಡುಗ ಇನ್ನೂ ಸಿಗದಿರುವ ಸೀಟುಗಳ ಬಗ್ಗೆ ಆಲೋಚಿಸುತ್ತಾನೆ, ಇವಳು ಕೈಯಲ್ಲಿರುವ ಎರಡರ ಬಗ್ಗೆ. ಗಣಿತ ಎಲ್ಲಿ ಕೈಚೆಲ್ಲುತ್ತದೆ ಎಂಬುದೂ ಇಲ್ಲೇ ಕಾಣುತ್ತದೆ. ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಖಚಿತವಾದ ಪಟ್ಟಿ ಸಿದ್ಧವಾಗಿದೆ ಎಂದುಕೊಂಡು ಗೇಲ್ ಮತ್ತು ಶಾಪ್ಲಿ ಕೆಲಸ ಶುರುಮಾಡುತ್ತಾರೆ. ನಮ್ಮ ಹುಡುಗಿಯ ಪಟ್ಟಿ ರಾತ್ರಿ ಒಂದು, ಬೆಳಿಗ್ಗೆ ಒಂದು.

ಎರಡು ದಿನ ಬಿಟ್ಟು ಫೋನ್ ಮಾಡಿದಳು. “ಮಾಮ, ಒಂದು ವರ್ಷ ಗ್ಯಾಪ್ ತಗೊಂಡರೆ ಹೇಗೆ?” ಅಲ್ಲಿಯವರೆಗೆ ಆ ಮಾತೇ ಇರಲಿಲ್ಲ. ಇದಕ್ಕೂ ಶಾಸ್ತ್ರಾಧಾರ ಇದೆ. 1992ರಲ್ಲಿ ಏಮಸ್ ಟ್ವೆರ್ಸ್ಕಿ ಮತ್ತು ಎಲ್ಡಾರ್ ಶಫೀರ್ ವಿದ್ಯಾರ್ಥಿಗಳಿಗೆ ಒಂದು ಕಲ್ಪಿತ ಸನ್ನಿವೇಶ ಕೊಟ್ಟರು. ಸಿಡಿ ಪ್ಲೇಯರ್ ಕೊಳ್ಳಲು ಹೊರಟಿದ್ದೀರಿ, ಅಂಗಡಿಯಲ್ಲಿ ಒಂದು ಸೋನಿ ಭಾರಿ ರಿಯಾಯಿತಿಯಲ್ಲಿದೆ. ಕೊಳ್ಳುತ್ತೀರೋ, ಕಾದು ನೋಡುತ್ತೀರೋ? ಕಾಯುತ್ತೇವೆ ಎಂದವರು ನೂರಕ್ಕೆ 34. ಇನ್ನೊಂದು ಗುಂಪಿಗೆ ಸೋನಿಯ ಪಕ್ಕದಲ್ಲಿ ಉನ್ನತ ದರ್ಜೆಯ ಐವಾ ಕೂಡ ರಿಯಾಯಿತಿಯಲ್ಲಿದೆ ಎಂದರು. ಕಾಯುವವರು 46ಕ್ಕೆ ಏರಿದರು. ಒಳ್ಳೆಯದು ಒಂದಿದ್ದಾಗ ಕೊಳ್ಳುತ್ತಿದ್ದವರು ಎರಡಾದಾಗ ಕೈ ಹಿಂದೆಗೆದರು. ಕಾರಣ ಕೇಳಿದರೆ ಹೇಳಲು ಒಂದು ಗಟ್ಟಿ ವಿವರಣೆ ನಮಗೆ ಬೇಕು. ಎರಡೂ ಸಮವಾದಾಗ ಆ ವಿವರಣೆ ಸಿಗುವುದಿಲ್ಲ, ಆಗ ಮೂರನೆಯ ದಾರಿ ಆಕರ್ಷಕವಾಗಿ ಕಾಣುತ್ತದೆ. ಗ್ಯಾಪ್ ವರ್ಷದ ಯೋಚನೆ ಶುಕ್ರವಾರಕ್ಕೆ ತಾನಾಗಿಯೇ ಸತ್ತಿತು.

ಎಕ್ಸೆಲ್ ಹಾಳೆಯ ಅಸಲು ತೊಂದರೆ ಬೇರೆ. ಪಕ್ಕಪಕ್ಕ ಇಟ್ಟು ನೋಡುವುದೇ ಒಂದು ಭೂತಗನ್ನಡಿ. ಕ್ರಿಸ್ಟೋಫರ್ ಶೀ ಎಂಬ ಸಂಶೋಧಕ 1990ರ ದಶಕದಲ್ಲಿ ಹಳೆಯ ನಿಘಂಟುಗಳ ಬಗ್ಗೆ ಕೇಳಿದ ಪ್ರಶ್ನೆ ಪ್ರಸಿದ್ಧ. ಒಂದರಲ್ಲಿ 10,000 ಪದ, ಹೊಸದರಂತಿದೆ. ಇನ್ನೊಂದರಲ್ಲಿ 20,000 ಪದ, ರಟ್ಟು ಹರಿದಿದೆ. ಎರಡನ್ನೂ ಜೊತೆಯಲ್ಲಿ ತೋರಿಸಿದರೆ ಜನ ಹರಿದ ರಟ್ಟಿನದಕ್ಕೆ ಹೆಚ್ಚು ಬೆಲೆ ಕಟ್ಟುತ್ತಾರೆ. ಒಬ್ಬೊಬ್ಬರಿಗೆ ಒಂದೊಂದನ್ನೇ ತೋರಿಸಿದರೆ ತಿರುವುಮುರುವು: ಚೆನ್ನಾಗಿರುವ ರಟ್ಟಿಗೇ ಹೆಚ್ಚು ಬೆಲೆ. ಪದಗಳ ಸಂಖ್ಯೆ ಹೋಲಿಸಿದಾಗ ಮಾತ್ರ ಅರ್ಥ ಕೊಡುತ್ತದೆ. ಹರಿದ ರಟ್ಟು ಒಂಟಿಯಾಗಿದ್ದರೂ ಕಣ್ಣಿಗೆ ಚುಚ್ಚುತ್ತದೆ. ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ರಟ್ಟು ಅಂಟಿಸಿಯೇ ಹೊರಗಿಡುತ್ತಾರೆ. ನಿಘಂಟಿನ ವಿಷಯದಲ್ಲಿ ಹೋಲಿಕೆ ಒಳ್ಳೆಯ ಬುದ್ಧಿಯನ್ನೇ ಕೊಟ್ಟಿತು. ಆದರೆ ಕಾಲೇಜಿಗೆ ಸೇರಿದ ಮೇಲೆ ನಾವು ಬದುಕುವುದು ಒಂದರಲ್ಲಿ ಮಾತ್ರ. ಇಲ್ಲಿ ಹತ್ತು ಲಕ್ಷ ಪುಸ್ತಕ, ಅಲ್ಲಿ ಹದಿನೈದು ಲಕ್ಷ ಎಂದು ಏಪ್ರಿಲ್‌ನಲ್ಲಿ ನಿದ್ದೆಗೆಡಿಸುವ ಅಂತರ ಅಕ್ಟೋಬರ್‌ನಲ್ಲಿ ಯಾರಿಗೂ ಕಾಣುವುದಿಲ್ಲ. ಬೇಕಾದ ಒಂದು ಪುಸ್ತಕ ಕಪಾಟಿನಲ್ಲಿದೆಯೋ ಇಲ್ಲವೋ, ಅಷ್ಟೇ.

ಇದಕ್ಕೆ ನನಗೆ ತುಂಬ ಹಿಡಿಸಿದ ಸಾಕ್ಷಿ ಹಾರ್ವರ್ಡ್‌ನಿಂದ ಬಂದದ್ದು. ಅಲ್ಲಿ ಮೊದಲ ವರ್ಷದ ಕೊನೆಗೆ ಲಾಟರಿ ಎತ್ತಿ ವಿದ್ಯಾರ್ಥಿಗಳನ್ನು ಹನ್ನೆರಡು ವಸತಿಗೃಹಗಳಿಗೆ ಹಂಚುತ್ತಾರೆ. ಯಾವುದು ಸಿಗುತ್ತದೋ ಎಂದು ಹುಡುಗರು ಹರಕೆ ಹೊರುವುದೊಂದೇ ಬಾಕಿ. ನದಿಯ ಪಕ್ಕದ್ದು ಸಿಕ್ಕಿದರೆ ಸ್ವರ್ಗ, ದೂರದ್ದು ಸಿಕ್ಕಿದರೆ ಬಾಳೇ ಮುಗಿಯಿತು. ಎಲಿಜಬೆತ್ ಡನ್, ಟಿಮೊತಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಈ ಹುಡುಗರನ್ನು ಮುಂಚೆಯೇ ಕೇಳಿಕೊಂಡರು: ಇಂಥಿಂಥ ಕಡೆ ಹೋದರೆ ಎಷ್ಟು ಸಂತೋಷವಾಗಿರುತ್ತೀರಿ? ಆಮೇಲೆ ಹೋಗಿ ನೆಲೆಸಿದವರನ್ನು ಮತ್ತೆ ಕೇಳಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ: ‘ಒಳ್ಳೆಯ’ ಗೃಹದವರು ಅಂದುಕೊಂಡಷ್ಟು ಸುಖಿಗಳಾಗಿರಲಿಲ್ಲ, ‘ಕೆಟ್ಟ’ ಗೃಹದವರು ಹೆದರಿದಷ್ಟು ದುಃಖಿಗಳಾಗಿರಲಿಲ್ಲ. ಊಹಿಸುವಾಗ ಅವರು ಕಟ್ಟಡ, ಜಾಗ, ಊಟದ ಮನೆ ಇವನ್ನು ತೂಗಿದ್ದರು, ಯಾಕೆಂದರೆ ಗೃಹದಿಂದ ಗೃಹಕ್ಕೆ ಎದ್ದು ಕಾಣುವಂತೆ ಬದಲಾಗುವುದು ಅವೇ. ಜೊತೆಯವರು, ಕೋಣೆಯ ಗೆಳೆಯರು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿರುತ್ತಾರೆ ಎಂದು ಲೆಕ್ಕದಿಂದ ಬಿಟ್ಟಿದ್ದರು. ಸಂತೋಷ ನಿಂತದ್ದು ಅವರ ಮೇಲೆ.

ಫ್ರಾಂಕ್ಲಿನ್ನನ ಬೀಜಗಣಿತದ ಎಡವಟ್ಟು ಇಲ್ಲೇ. ಎರಡೂ ಕಡೆ ಸಮನಾದುದನ್ನು ಹೊಡೆದುಹಾಕು ಎನ್ನುವ ಅವನ ನಿಯಮ ತಾರ್ಕಿಕವಾಗಿ ಸರಿ, ಸಮನಾದದ್ದು ಆಯ್ಕೆಗೆ ನೆರವಾಗದು. ಆದರೆ ಹೊಡೆದುಹಾಕಿದ ಸಾಲುಗಳನ್ನು ಮನಸ್ಸು ಮುಖ್ಯವಲ್ಲದ್ದೆಂದು ಮರೆತುಬಿಡುತ್ತದೆ. ಉಳಿದ ಪುಡಿ ಸಾಲುಗಳು ಹಾಳೆಯ ತುಂಬ ಕೂತು ದೊಡ್ಡವಾಗಿ ಕಾಣತೊಡಗುತ್ತವೆ.

ಕಾಲೇಜನ್ನು ಕಣ್ಣಾರೆ ನೋಡಿಬಂದರೆ ಸರಿಯಾದೀತೇ? ಉರಿ ಸೈಮನ್‌ಸನ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದರೆ ಆ ನಂಬಿಕೆಯೂ ಅಲುಗಾಡುತ್ತದೆ. ಓದಿಗೆ ಹೆಸರಾದ, ಮೋಜಿಗೆ ಹೆಸರಾಗದ ಒಂದು ವಿಶ್ವವಿದ್ಯಾಲಯಕ್ಕೆ ಭೇಟಿ ಕೊಟ್ಟ 1,284 ವಿದ್ಯಾರ್ಥಿಗಳ ನಿರ್ಧಾರವನ್ನು ಅವರು ಆ ದಿನದ ಹವಾಮಾನದ ಜೊತೆ ತಾಳೆ ನೋಡಿದರು. ಮೋಡ ಕವಿದ ದಿನ ಬಂದವರು ಅಲ್ಲಿಗೇ ಸೇರುವ ಸಂಭವ ಹೆಚ್ಚು. ಮೋಡ ಒಂದು ಪ್ರಮಾಣಿತ ವಿಚಲನೆಯಷ್ಟು ಹೆಚ್ಚಾದರೆ ಸೇರುವ ಸಾಧ್ಯತೆ ಸುಮಾರು 9 ಶೇಕಡಾ ಅಂಶದಷ್ಟು ಏರುತ್ತಿತ್ತು. ಬಿಸಿಲಿದ್ದರೆ ಆಟ ನೆನಪಾಗುತ್ತದೆ, ಮೋಡವಿದ್ದರೆ ಪುಸ್ತಕ. ಬೆಂಗಳೂರಿನಿಂದ ಅರ್ಜಿ ಹಾಕುವವರಿಗೆ ಈ ಪೀಡೆಯಿಲ್ಲ, ಅವರು ನೋಡುವುದು ವಿಡಿಯೋ. ಅದರಲ್ಲಿ ಕಾಲ ಯಾವಾಗಲೂ ಅಕ್ಟೋಬರ್, ಮೇಪಲ್ ಮರಗಳು ಯಾವಾಗಲೂ ಕೆಂಪು. ಚಳಿಗಾಲದ ಹಿಮ ಕರಗಿ ಊರೆಲ್ಲ ಕೆಸರಾಗುವ ಏಪ್ರಿಲ್ ತಿಂಗಳ ವಿಡಿಯೋವನ್ನು ಯಾವ ಕಾಲೇಜೂ ಹಾಕಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಮುಂದಿನ ಬದುಕಿಗೆ? ಅಕ್ಕನ ಚಿಂತೆ ಅದೇ ಆಗಿತ್ತು. “ರ‍್ಯಾಂಕಿಂಗಿನಲ್ಲಿ ವಿಲಿಯಮ್ಸ್ ಒಂದನೇದು ಕಣೋ.” ನಿಜ, ಅಮೆರಿಕದ ಪ್ರಸಿದ್ಧ ಪತ್ರಿಕಾ ಪಟ್ಟಿಯಲ್ಲಿ ಎರಡು ದಶಕಗಳಿಂದ ವಿಲಿಯಮ್ಸ್ ಮೊದಲು, ಸಾಮಾನ್ಯವಾಗಿ ಅದರ ಬೆನ್ನಿಗೇ ಆಮರ್ಸ್ಟ್. ಆದರೆ ಸಾಲಿನಲ್ಲಿ ನಿಂತವರ ನಡುವೆ ಎಷ್ಟು ಜಾಗ ಇದೆ ಎಂದು ಕ್ರಮಸಂಖ್ಯೆ ಹೇಳುವುದಿಲ್ಲ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಜಾಣ ಪ್ರಶ್ನೆಯೊಂದನ್ನು ಹಾಕಿಕೊಂಡರು. ಒಂದೇ ತರದ ಕಾಲೇಜುಗಳಲ್ಲಿ ಸೀಟು ಸಿಕ್ಕೂ ಬೇರೆಬೇರೆ ಕಡೆ ಸೇರಿದವರು ಮುಂದೆ ಎಷ್ಟು ಸಂಪಾದಿಸಿದರು? 1976ರಲ್ಲಿ ಕಾಲೇಜು ಸೇರಿದ ತಂಡದ ಮಾಹಿತಿ ಅದು, ವಿಲಿಯಮ್ಸ್ ಮತ್ತು ಸ್ವಾರ್ತ್‌ಮೋರ್ ಎರಡೂ ಅದರಲ್ಲಿದ್ದವು. ಹೆಚ್ಚು ಬಿಗಿಯಾದ ಕಾಲೇಜಿಗೆ ಹೋದವರಿಗೂ ಕಡಿಮೆ ಬಿಗಿಯ ಕಡೆ ಹೋದವರಿಗೂ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಬಡ ಮನೆಗಳಿಂದ ಬಂದವರಿಗೆ ಮಾತ್ರ ಬಿಗಿಯಾದ ಕಾಲೇಜಿನಿಂದ ಲಾಭವಾಗಿತ್ತು. ಇದಕ್ಕೆ ಎದುರು ಮಾತೂ ಇದೆ. 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಹಾರ್ವರ್ಡ್ ಮಟ್ಟದ ಹನ್ನೆರಡು ಸಂಸ್ಥೆಗಳನ್ನು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹೋಲಿಸಿ, ಸರಾಸರಿ ಆದಾಯ ಹೆಚ್ಚು ಬದಲಾಗದಿದ್ದರೂ ತುತ್ತತುದಿಯ ಶೇಕಡಾ ಒಂದರಷ್ಟು ಸಿರಿವಂತರ ಸಾಲು ಸೇರುವ ಅವಕಾಶ ಎದ್ದುಕಾಣುವಂತೆ ಹೆಚ್ಚುತ್ತದೆ ಎಂದು ತೋರಿಸಿದರು. ಆ ವಾದ ಬೆಟ್ಟಕ್ಕೂ ಬಯಲಿಗೂ ಇರುವ ಅಂತರದ್ದು. ಅಕ್ಕನ ಮೇಜಿನ ಮೇಲಿದ್ದದ್ದು ಎರಡು ಬೆಟ್ಟ.

ಹಣದ ಮಾತು ಬಂದಾಗ ಒಂದು ಎಚ್ಚರ. ಎರಡೂ ಕಾಲೇಜುಗಳು ಕೊಡುವ ನೆರವಿನಲ್ಲಿ ದೊಡ್ಡ ಅಂತರವಿದ್ದರೆ, ಆಸ್ತಮಾ ಇರುವ ಮಗುವಿಗೆ ಒಂದು ಕಡೆಯ ಚಳಿ ಒಗ್ಗದಿದ್ದರೆ, ಓದಲೇಬೇಕೆಂದಿರುವ ವಿಷಯ ಒಂದು ಕಡೆ ಇಲ್ಲವೇ ಇಲ್ಲದಿದ್ದರೆ, ಈ ಲೇಖನ ಮಡಚಿಟ್ಟು ಆ ವ್ಯತ್ಯಾಸ ಹೇಳಿದಂತೆ ನಡೆಯುವುದು ಲೇಸು. ಅದು ಕೂದಲೆಳೆಯ ಪ್ರಶ್ನೆಯಲ್ಲ.

ಹೊಡೆದುಹಾಕಿದ ಸಾಲುಗಳಿಗೆ, ಅಂದರೆ ಜನಕ್ಕೆ, ಬರೋಣ. ಡೇವಿಡ್ ಝಿಮ್ಮರ್‌ಮನ್ ಎಂಬ ಅರ್ಥಶಾಸ್ತ್ರಜ್ಞ 2003ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಖುದ್ದು ವಿಲಿಯಮ್ಸ್‌ನಲ್ಲೇ. ಮೊದಲ ವರ್ಷದ ಕೋಣೆಯ ಜೊತೆಗಾರನನ್ನು ವಿದ್ಯಾರ್ಥಿ ಆರಿಸಿಕೊಳ್ಳುವುದಿಲ್ಲ, ಕಾಲೇಜೇ ಹಾಕುತ್ತದೆ. ಹಾಗಾಗಿ ಅದೊಂದು ತಾನಾಗಿ ಒದಗಿದ ಪ್ರಯೋಗ. ಪ್ರವೇಶ ಪರೀಕ್ಷೆಯಲ್ಲಿ ನಡುಮಟ್ಟದ ಅಂಕ ಪಡೆದವರು, ಭಾಷಾ ಭಾಗದಲ್ಲಿ ಕೊನೆಯ ಶೇಕಡಾ 15ರಲ್ಲಿದ್ದವರ ಜೊತೆ ಕೋಣೆ ಹಂಚಿಕೊಂಡರೆ ಅವರ ದರ್ಜೆ ಸ್ವಲ್ಪ ಇಳಿಯುತ್ತಿತ್ತು. ಪರಿಣಾಮ ಸಣ್ಣದು, ಆದರೆ ಅಳೆಯಲು ಸಿಕ್ಕಿತು. ಗೆಳೆತನದ ವಿಷಯದಲ್ಲಿ ದೂರವೇ ಒಂದು ಶಕ್ತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಎಂಐಟಿಯ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಯಾರು ಯಾರಿಗೆ ಆಪ್ತರು ಎಂದು ಕೇಳಿ ಬಾಗಿಲು ಎಣಿಸಿದರು. ಪಕ್ಕದ ಬಾಗಿಲಿನವರಲ್ಲಿ ನೂರಕ್ಕೆ 41 ಮಂದಿ ಗೆಳೆಯರು, ಅದೇ ಮಹಡಿಯ ಆ ತುದಿ ಈ ತುದಿಯವರಲ್ಲಿ 10. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರು. ನಮ್ಮ ವಠಾರಗಳಲ್ಲಿ ನಲ್ಲಿಯ ಪಕ್ಕದ ಮನೆಯವರಿಗೆ ಎಲ್ಲರ ಸುದ್ದಿ ಗೊತ್ತಿರುತ್ತಿದ್ದ ಹಾಗೆ.

ಪುಟ್ಟ ಕಾಲೇಜಿನ ಒಳಗನ್ನು ಎಲ್ಲರಿಗಿಂತ ತಾಳ್ಮೆಯಿಂದ ನೋಡಿದವರು ಸಮಾಜವಿಜ್ಞಾನಿ ಡೇನಿಯಲ್ ಚಾಂಬ್ಲಿಸ್. ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದ ಅವರು ಸುಮಾರು ನೂರು ವಿದ್ಯಾರ್ಥಿಗಳನ್ನು ಓದುವಾಗಲೂ ಓದು ಮುಗಿದ ಮೇಲೂ ಬೆಂಬತ್ತಿ ಮಾತಾಡಿಸಿದರು. ಕ್ರಿಸ್ಟೋಫರ್ ಟಕಾಚ್ ಜೊತೆ ಬರೆದ ಪುಸ್ತಕ 2014ರಲ್ಲಿ ಬಂತು. ಪಠ್ಯಕ್ರಮದ ಸುಧಾರಣೆ, ಹೊಸ ಕಟ್ಟಡ ಇವೆಲ್ಲ ವಿದ್ಯಾರ್ಥಿಗಳ ನೆನಪಿನಲ್ಲಿ ಬಹುತೇಕ ಇರಲೇ ಇಲ್ಲ. ಇದ್ದದ್ದು ಇಬ್ಬರು ಮೂವರು ಗೆಳೆಯರು, ಒಬ್ಬಿಬ್ಬರು ಮೇಷ್ಟ್ರು. ಒಂದೇ ಒಂದು ಸಲ ಮೇಷ್ಟ್ರ ಮನೆಗೆ ಊಟಕ್ಕೆ ಹೋಗಿ ಬಂದದ್ದು ಕಾಲೇಜಿನ ಬಗೆಗಿನ ಇಡೀ ಭಾವನೆಯನ್ನೇ ಬದಲಿಸಿದ್ದುಂಟು. ಒಂದು ವಿಷಯದಲ್ಲಿ ಮೊದಲು ಸಿಕ್ಕ ಮೇಷ್ಟ್ರು ಚೆನ್ನಾಗಿದ್ದರೆ ಆ ವಿಷಯ ಬದುಕಿಗೆ ಅಂಟಿಕೊಳ್ಳುತ್ತದೆ, ನೀರಸವಾಗಿದ್ದರೆ ಆ ಬಾಗಿಲು ಕಾಯಂ ಮುಚ್ಚುತ್ತದೆ. ಇನ್ನೊಂದು ವಿಚಿತ್ರ: ಉದ್ದನೆಯ ಓಣಿ, ಎಲ್ಲರಿಗೂ ಸೇರಿ ಒಂದೇ ಸ್ನಾನಗೃಹ ಇರುವ ಹಳೆಯ ಮಾದರಿಯ ಹಾಸ್ಟೆಲ್ಲೇ ಹೊಸಬರಿಗೆ ಗೆಳೆಯರನ್ನು ಹೆಚ್ಚು ಒದಗಿಸುತ್ತದೆ. ಹುಡುಗಿಯ ಹಾಳೆಯಲ್ಲಿ ‘ಸ್ವಂತ ಬಾತ್‌ರೂಮ್’ ಎಂಬ ಸಾಲಿಗೆ ಒಳ್ಳೆಯ ತೂಕವಿತ್ತು.

ಅಂದರೆ ಒಂದೇ ಕಾಲೇಜಿನೊಳಗೂ ಇಷ್ಟೆಲ್ಲ ಬದಲಾಗುತ್ತದೆ. ಸಂಖ್ಯಾಶಾಸ್ತ್ರದಲ್ಲಿ ವ್ಯತ್ಯಾಸವನ್ನು ಗುಂಪಿನೊಳಗಿನದು, ಗುಂಪುಗಳ ನಡುವಿನದು ಎಂದು ಬೇರೆಮಾಡುತ್ತಾರೆ. ಒಂದೇ ತೋಪಿನ ಎರಡು ಬುಟ್ಟಿ ರಸಪುರಿ ಮುಂದಿದೆ ಎನ್ನಿ. ಬುಟ್ಟಿಗಳ ಸರಾಸರಿ ರುಚಿಯಲ್ಲಿ ಇರುವ ಅಂತರಕ್ಕಿಂತ ಒಂದೇ ಬುಟ್ಟಿಯ ಹಣ್ಣು ಹಣ್ಣಿನ ನಡುವಿನ ಅಂತರ ಹೆಚ್ಚು. ವಿಲಿಯಮ್ಸ್‌ನಲ್ಲಿ ಒಂದು ಕೋಣೆ ಸಿಗುವುದಕ್ಕೂ ಇನ್ನೊಂದು ಸಿಗುವುದಕ್ಕೂ, ಆಮರ್ಸ್ಟ್‌ನಲ್ಲಿ ಮೊದಲ ಸೆಮಿನಾರಿಗೆ ಈ ಮೇಷ್ಟ್ರು ಬರುವುದಕ್ಕೂ ಆ ಮೇಷ್ಟ್ರು ಬರುವುದಕ್ಕೂ ಇರುವ ಅಂತರ ಎರಡು ಕಾಲೇಜುಗಳ ಅಂತರವನ್ನು ಮೀರಬಲ್ಲದು. ಮೂವತ್ತೊಂದು ಸಾಲಿನ ಹಾಳೆಯಲ್ಲಿ ಅದಕ್ಕೆ ಸಾಲಿಲ್ಲ, ಯಾಕೆಂದರೆ ಏಪ್ರಿಲ್‌ನಲ್ಲಿ ಎರಡೂ ಕಾಲಮ್ಮಿನಲ್ಲಿ ಬರೆಯಬಹುದಾದದ್ದು ‘ಗೊತ್ತಿಲ್ಲ’ ಎಂದಷ್ಟೇ.

ಆರಿಸಿಕೊಂಡ ಮೇಲೆ ಮನಸ್ಸು ಏನು ಮಾಡುತ್ತದೆ ಎಂಬುದಕ್ಕೆ ದೊಡ್ಡ ಸಾಹಿತ್ಯವೇ ಇದೆ. 1956ರಲ್ಲಿ ಜಾಕ್ ಬ್ರೆಮ್ ಮಹಿಳೆಯರಿಗೆ ಮನೆಬಳಕೆಯ ಎಂಟು ಸಾಮಾನು ತೋರಿಸಿ ಅಂಕ ಹಾಕಿಸಿದ, ಸಮಸಮ ಬಂದ ಎರಡರಲ್ಲಿ ಒಂದನ್ನು ಉಡುಗೊರೆಯಾಗಿ ಆರಿಸಿಕೊಳ್ಳಲು ಹೇಳಿ, ಮತ್ತೆ ಅಂಕ ಹಾಕಿಸಿದ. ಆರಿಸಿದ್ದರ ಬೆಲೆ ಏರಿತ್ತು, ಬಿಟ್ಟದ್ದರ ಬೆಲೆ ಇಳಿದಿತ್ತು. ಕೈಗೆ ಸಿಗದ ದ್ರಾಕ್ಷಿಯನ್ನು ಹುಳಿ ಮಾಡುವ ಈ ಅಭ್ಯಾಸ ಐವತ್ತು ವರ್ಷ ಪಠ್ಯಪುಸ್ತಕಗಳಲ್ಲಿ ರಾಜ್ಯವಾಳಿತು. ಆಮೇಲೆ ಕೀತ್ ಚೆನ್ ಎಂಬ ಅರ್ಥಶಾಸ್ತ್ರಜ್ಞ ತಕರಾರು ತೆಗೆದ. ಮೊದಲ ಅಂಕಗಳು ಒರಟು ಅಳತೆ. ಸಮ ಎಂದು ಕಂಡವು ನಿಜಕ್ಕೂ ಸಮ ಇರಲಿಕ್ಕಿಲ್ಲ. ಆಯ್ಕೆ ಮಾಡಿದಾಗ ಮೊದಲೇ ಇದ್ದ ಒಲವು ಹೊರಬಿದ್ದಿರಬಹುದು, ಹೊಸದಾಗಿ ಹುಟ್ಟಿರಬೇಕಿಲ್ಲ. ತಕರಾರು ಗಟ್ಟಿಯದೇ. ಅದನ್ನು ಸರಿದೂಗಿಸಿ ಮಾಡಿದ ನಂತರದ ಪ್ರಯೋಗಗಳಲ್ಲಿ ಪರಿಣಾಮ ಉಳಿದುಕೊಂಡಿತು, ಮೊದಲಿನಷ್ಟು ದೊಡ್ಡದಾಗಿ ಅಲ್ಲ.

ಗಿಲ್ಬರ್ಟ್ ಮತ್ತು ಜೇನ್ ಎಬರ್ಟ್ 2002ರಲ್ಲಿ ಪ್ರಕಟಿಸಿದ ಫೋಟೋ ಪ್ರಯೋಗ ಇನ್ನೂ ಹತ್ತಿರದ್ದು. ವಿದ್ಯಾರ್ಥಿಗಳು ತಾವೇ ತೆಗೆದು ತೊಳೆದ ಎರಡು ಚಿತ್ರಗಳಲ್ಲಿ ಒಂದನ್ನು ಇಟ್ಟುಕೊಳ್ಳಬೇಕು. ಕೆಲವರಿಗೆ, ಬೇಕಾದರೆ ಕೆಲವು ದಿನದೊಳಗೆ ಬದಲಾಯಿಸಿಕೊಳ್ಳಬಹುದು ಎಂದರು. ಇನ್ನು ಕೆಲವರಿಗೆ, ಈಗ ಕೊಟ್ಟದ್ದು ಕೊಟ್ಟಂತೆ. ಬದಲಾಯಿಸುವ ಅವಕಾಶವಿದ್ದವರು ತಮ್ಮ ಚಿತ್ರವನ್ನು ಕಡಿಮೆ ಮೆಚ್ಚಿದರು, ಬಾಗಿಲು ಮುಚ್ಚಿದವರು ಹೆಚ್ಚು ಮೆಚ್ಚಿದರು. ಆದರೂ ಮುಂಚೆಯೇ ಕೇಳಿದರೆ ಜನ ಬಯಸುವುದು ತೆರೆದ ಬಾಗಿಲನ್ನೇ.

ಇದನ್ನೆಲ್ಲ ನಾನು ಹುಡುಗಿಗೆ ಹೇಳಲಿಲ್ಲ. ಹದಿನೆಂಟರ ಹರೆಯದವರಿಗೆ ‘ನಿನ್ನ ಲೆಕ್ಕ ವ್ಯರ್ಥ’ ಎನ್ನುವ ಸೋದರಮಾವನಾಗಲು ನನಗೆ ಮನಸ್ಸಿರಲಿಲ್ಲ. ಎರಡೂ ಭೂವಿಜ್ಞಾನ ವಿಭಾಗಗಳ ಮೇಷ್ಟ್ರುಗಳಿಗೆ ಒಂದೊಂದು ಮೇಲ್ ಬರೆ, ನಿನಗೆ ನಿಜವಾಗಿ ಗೊತ್ತಾಗಬೇಕಿರುವ ಒಂದು ಪ್ರಶ್ನೆ ಕೇಳು ಎಂದಷ್ಟೇ ಹೇಳಿದೆ. ಎರಡೂ ಕಡೆಯಿಂದ ಸೌಜನ್ಯದ ಉತ್ತರ ಬಂತು. ಒಂದರ ಕೊನೆಯಲ್ಲಿ ಅವಳಿಗೇ ಒಂದು ಪ್ರಶ್ನೆ ಇತ್ತು: ನಿಮ್ಮೂರಿನ ತೋಟದೊಳಗೆ ಮುನ್ನೂರು ಕೋಟಿ ವರ್ಷದ ಬಂಡೆ ಇದೆಯಂತಲ್ಲ, ಅದರ ಮೇಲಿನ ಬಿಳಿ ಪಟ್ಟೆಗಳು ಯಾವ ದಿಕ್ಕಿಗೆ ಓಡುತ್ತವೆ, ನೋಡಿದ್ದೀಯಾ?

ನೋಡಿರಲಿಲ್ಲ. ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಜೋಳ ತಿಂದದ್ದೆಷ್ಟು ಸಲವೋ. ಮರುದಿನ ಬೆಳಿಗ್ಗೆ ಆರು ಗಂಟೆಗೆ ದಿಕ್ಸೂಚಿ ಹಿಡಿದು ಇಬ್ಬರೂ ಹೋದೆವು. ಕೆಂಪೇಗೌಡರ ಗೋಪುರದ ಕೆಳಗೆ ಅವಳು ಮಂಡಿಯೂರಿ ಅಳೆಯುವುದನ್ನು ವಾಕಿಂಗಿನ ಹಿರಿಯರು ನಿಂತು ನೋಡುತ್ತಿದ್ದರು. ಒಬ್ಬರು ಏನು ಕಳೆದುಕೊಂಡಿರಿ ಎಂದು ಕೇಳಿದರು. ಆ ಪ್ರಶ್ನೆ ಬಂದದ್ದು ಗುಡ್ಡದ ಕಾಲೇಜಿನಿಂದಲೋ ಕಣಿವೆಯದರಿಂದಲೋ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವ ಅಪ್ಪ ಅಮ್ಮಂದಿರಲ್ಲಿ ಯಾರಾದರೂ ಅದನ್ನೂ ಹಾಳೆಯ ಒಂದು ಸಾಲು ಮಾಡಿಕೊಂಡಾರು.

ಡಿಸೆಂಬರ್ ರಜೆಗೆ ಬಂದಾಗ ಕೋಣೆಯ ಗೆಳತಿಯ ಗೊರಕೆ, ಅನ್ನದ ಕುಕ್ಕರು, ಓಣಿಯ ತುದಿಯ ಒಂದೇ ಬಾತ್‌ರೂಮು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಗ್ರಂಥಾಲಯಕ್ಕೆ ನೀನು ಕೊಟ್ಟ ಒಂಬತ್ತು ಸರಿಯಾಯಿತೇ ಎಂದು ಕೇಳಿದೆ.

“ಯಾವ ಒಂಬತ್ತು ಮಾಮ?” ಎಂದಳು.